ಹಳೆಯ ಸಣ್ಣ ಟ್ರ್ಯಾಕ್ಟರಿಗೆ ಗೊಬ್ಬರ ಹರಡುವ ಯಂತ್ರದ ಆಯ್ಕೆ

ಪುಣೆಯಲ್ಲಿ ನೆಲೆಸಿ ಪುರಂದರ, ಮುಳಶಿಗಳ ಕಡೆ ತುಸು ಜಮೀನು ಮಾಡಿಕೊಂಡಿರುವ ಕನ್ನಡಿಗರು ಹಳೆಯ ಸಣ್ಣ ಟ್ರ್ಯಾಕ್ಟರಿಗೆ ಗೊಬ್ಬರ ಹರಡುವ ಯಂತ್ರವನ್ನು ಕೊಳ್ಳುವಾಗ, ಬೆಲೆಗಿಂತ ಮೊದಲು ತಮ್ಮ ಟ್ರ್ಯಾಕ್ಟರಿನ ಕ್ಲಚ್ ಯಾವ ಬಗೆಯದೆಂದು ತಿಳಿಯಬೇಕು. ಒಂದೇ ಕ್ಲಚ್ ಇರುವ ಹಳೆಯ ಮಾದರಿಗಳಲ್ಲಿ ಪೆಡಲ್ ಒತ್ತಿದೊಡನೆ ಚಕ್ರಗಳ ಜೊತೆಗೆ ಹಿಂದೆ ಜೋಡಿಸಿದ ಯಂತ್ರವನ್ನು ತಿರುಗಿಸುವ ಪಿಟಿಒ ಶಾಫ್ಟಿಗೂ ಶಕ್ತಿ ತಪ್ಪುವುದರಿಂದ, ಗೇರು ಬದಲಿಸಿದಲ್ಲೆಲ್ಲ ಹರಡುವಿಕೆ ತುಂಡಾಗುತ್ತದೆ. ತನ್ನ ಚಕ್ರಗಳಿಂದಲೇ ಚಲನೆ ಪಡೆಯುವ ಯಂತ್ರಕ್ಕೆ ಈ ತೊಡಕಿಲ್ಲ. ಇಂಥ ಟ್ರ್ಯಾಕ್ಟರಿಗೆ ಅದೇ ಲೇಸು, ಒದ್ದೆ ಎರೆಮಣ್ಣಿನಲ್ಲಿ ಅದರ ಚಕ್ರ ಉರುಳದೆ ಜಾರುತ್ತದೆಂಬುದು ನಿಜವಾದರೂ.

ಹಸಿ ಸಗಣಿಗೊಬ್ಬರ ಘನ ಮೀಟರಿಗೆ ಸುಮಾರು 800ರಿಂದ 1000 ಕಿಲೋ ತೂಗುತ್ತದೆ. ಇಳಿಜಾರಿನಲ್ಲಿ ಬ್ರೇಕಿಲ್ಲದ ಯಂತ್ರ ಟ್ರ್ಯಾಕ್ಟರನ್ನೇ ದೂಡದಂತೆ ಚಿಕ್ಕ ತೊಟ್ಟಿಯನ್ನೇ ಆರಿಸಿ. ಬಳಸಿದ ಯಂತ್ರವಾದರೆ ತೊಟ್ಟಿಯ ತಳದ ಕಬ್ಬಿಣದ ತಗಡಿನ ಮೂಲೆಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಹೊಸ ಬಣ್ಣದಡಿಯ ತುಕ್ಕು ಅಲ್ಲಿಯೇ ಬಯಲಾಗುತ್ತದೆ.