ಹಳೆ ಕಾರಿನ ಒಳಾಂಗಣ: ಬಿಚ್ಚುವಾಗಲೇ ಕಲಿಯಬೇಕು

ಹಳೆ ಕಾರಿನ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತೇ? ಸುಗಂಧದ ಡಬ್ಬಿ ತೂಗುಹಾಕಿ ಅದನ್ನು ಮುಚ್ಚಬೇಡಿ. ಎಲ್ಲಿಂದಲೋ ನೀರು ಒಳಗೆ ಬರುತ್ತಿದೆ ಎಂದು ಕಾರು ಹೇಳುತ್ತಿದೆ. ಆ ದಾರಿ ಹುಡುಕದೆ ಹೊಸ ಕಾರ್ಪೆಟ್ ಹಾಸಿದರೆ ನಾಲ್ಕು ಮಳೆಗೆ ಮತ್ತೆ ಅದೇ ಕಥೆ.

ಹುಡುಕಲು ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಹೋಗಿ. ಮೊದಲೇ ಮೇಲಿನಿಂದ ಸುರಿದರೆ ಎಲ್ಲವೂ ಒದ್ದೆಯಾಗಿ ಯಾವ ಸಂದಿ ಸೋರುತ್ತಿದೆ ಎಂಬುದೇ ತಿಳಿಯದು. ಸಾಮಾನ್ಯವಾಗಿ ಸಿಕ್ಕಿಬೀಳುವುದು ಮುಂಗಾಜಿನ ಸುತ್ತಲಿನ ಗಟ್ಟಿಯಾದ ರಬ್ಬರು, ಇಲ್ಲವೇ ಬಾಗಿಲಿನ ಒಳಹಲಗೆಯ ಹಿಂದೆ ಹರಿದುಹೋದ ಪ್ಲಾಸ್ಟಿಕ್ ಹಾಳೆ. ಬಾಗಿಲಿನ ತಳದ ತೂತುಗಳು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ. ನೆಲದ ತೇವ ಅಂಟಂಟಾಗಿದ್ದು ಸಿಹಿ ವಾಸನೆ ಬರುತ್ತಿದ್ದರೆ ಅದು ಮಳೆನೀರಲ್ಲ. ಹೀಟರಿನಿಂದ ಸೋರುತ್ತಿರುವ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವ.

ಸೋರಿಕೆ ನಿಂತ ಮೇಲೆ ಬಿಚ್ಚಲು ತೊಡಗಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಟ್ಟು, ಪ್ರತಿ ಮೂಲೆಯ ಫೋಟೊ ತೆಗೆದುಕೊಳ್ಳಿ. ಸೀಟಿನ ಬೋಲ್ಟುಗಳು ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಅವಸರಪಟ್ಟು ತಿರುಗಿಸಿದರೆ ಬೋಲ್ಟಿನ ತಲೆ ಮಾತ್ರ ಕೈಗೆ ಬರುತ್ತದೆ. ಬಿಚ್ಚಿದ ಪ್ರತಿ ಗುಂಪು ಸ್ಕ್ರೂಗಳಿಗೆ ಒಂದು ಚೀಲ, ಚೀಲದ ಮೇಲೆ ಹೆಸರು. ಮತ್ತೆ, ಹೊಸದು ಕೂರುವವರೆಗೆ ಹಳೆಯದೊಂದು ಚಿಂದಿಯನ್ನೂ ಎಸೆಯಬೇಡಿ.

ಬಾಗಿಲಿನ ಗಾಜು ಏರಿಸುವ ಹ್ಯಾಂಡಲ್ ಬಹಳ ಜನರನ್ನು ಸತಾಯಿಸುತ್ತದೆ, ಏಕೆಂದರೆ ಹಲವು ಕಾರುಗಳಲ್ಲಿ ಅದಕ್ಕೆ ಸ್ಕ್ರೂ ಇರುವುದಿಲ್ಲ. ಹಿಂಬದಿಯಲ್ಲಿ ಕುದುರೆ ಲಾಳದ ಆಕಾರದ ಸಣ್ಣ ಕ್ಲಿಪ್ ಅದನ್ನು ಹಿಡಿದಿರುತ್ತದೆ. ಹತ್ತಿಬಟ್ಟೆಯ ಪಟ್ಟಿಯೊಂದನ್ನು ಹ್ಯಾಂಡಲ್ ಮತ್ತು ಹಲಗೆಯ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ಆಚೀಚೆ ಎಳೆಯಿರಿ. ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕಿಕೊಂಡು ಅದನ್ನು ಹೊರಕ್ಕೆ ದಬ್ಬುತ್ತದೆ. ಅದು ಚಿಮ್ಮಿ ಹಾರುತ್ತದೆ, ಕಣ್ಣು ಜೋಪಾನ. ಹಲಗೆಯ ಹಾರ್ಡ್‌ಬೋರ್ಡ್ ನೀರು ಕುಡಿದು ಉಬ್ಬಿದ್ದರೆ ಹೊಸ ಹಾಳೆಯ ಮೇಲಿಟ್ಟು, ತೂತುಗಳ ಸಮೇತ ಗೆರೆ ಎಳೆದು ಕತ್ತರಿಸಿಕೊಳ್ಳಿ.

ಚಾವಣಿಯ ಬಟ್ಟೆ ಅನೇಕ ಹಳೆ ಕಾರುಗಳಲ್ಲಿ ಕಮಾನಿನಂತೆ ಬಾಗಿದ ಉಕ್ಕಿನ ಕಂಬಿಗಳಿಂದ ತೂಗಿರುತ್ತದೆ. ನೋಡಲು ಎಲ್ಲವೂ ಒಂದೇ, ಆದರೆ ಒಂದೊಂದರ ಉದ್ದ, ಬಾಗು ಬೇರೆ. ಮೊದಲ ಸಲ ನಾನು ಅವನ್ನು ಕಳಚಿ ಗೋಡೆಗೆ ಒರಗಿಸಿಟ್ಟೆ, ಗುರುತು ಹಾಕಲಿಲ್ಲ. ಆಮೇಲೆ ಮೂರು ಸಲ ಕೂರಿಸಿ ಮೂರು ಸಲ ಬಿಚ್ಚಿದ್ದಾಯಿತು. ಮುಂದಿನಿಂದ ಹಿಂದಕ್ಕೆ 1, 2, 3 ಎಂದು ಟೇಪ್ ಅಂಟಿಸಿ ನಂಬರ್ ಬರೆಯಿರಿ. ಯಾವ ತೂತಿನಲ್ಲಿತ್ತು ಎಂಬುದನ್ನೂ ಬರೆಯಿರಿ. ಹೊಸ ಬಟ್ಟೆಯನ್ನು ಮೊದಲು ಮುಂದೆ ಹಿಂದೆ, ಆಮೇಲೆ ಬದಿಗಳಿಗೆ ಎಳೆಯಬೇಕು. ಅಂಟು ಶಾಖ ತಡೆಯುವಂಥದ್ದೇ ಇರಲಿ, ಬಿಸಿಲಿಗೆ ಕಾದ ತಗಡಿನಡಿ ಸಾಮಾನ್ಯ ಅಂಟು ನಿಲ್ಲದು. ಎರಡೂ ಮೈಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಿ. ಕಾರಿನ ಬಾಗಿಲುಗಳೆಲ್ಲ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ನೆಲದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಿ. ಸ್ಕ್ರೂಡ್ರೈವರ್‌ನಿಂದ ಚುಚ್ಚಿದಾಗ ತೂರಿಹೋದರೆ ಅಲ್ಲಿಗೆ ಬಣ್ಣವಲ್ಲ, ವೆಲ್ಡಿಂಗ್ ಬೇಕು. ಡ್ಯಾಶ್‌ಬೋರ್ಡಿನ ಮರವನ್ನು ಉಜ್ಜುವಾಗ ಕೈ ಹಗುರವಿರಲಿ, ಮೇಲಿರುವುದು ಕಾಗದದಷ್ಟು ತೆಳುವಾದ ಮರದ ಪದರ. ಬಹಳ ಹಳೆಯ ಕಾರಾದರೆ ಕತ್ತಲಲ್ಲಿ ಹೊಳೆಯುತ್ತಿದ್ದ ಮೀಟರಿನ ಮುಖ ಬಿಚ್ಚಬೇಡಿ. ಅಂಥ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಆರಿದರೂ ವಿಕಿರಣ ಆರುವುದಿಲ್ಲ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು.

ಇನ್ನು ಸೀಟು. ಚರ್ಮ ಹರಿದಿಲ್ಲ, ಬರೀ ಮಾಸಿದೆ ಎಂದಾದರೆ ಹೊಸದು ಹೊಲಿಸುವ ಯೋಚನೆ ಬಿಡಿ. ಹದವಾದ ಸೋಪಿನ ನೊರೆ, ಮೆತ್ತನೆ ಬಟ್ಟೆ, ಸ್ವಲ್ಪ ತಾಳ್ಮೆ ಸಾಕು. ನಾಲ್ಕು ಸುಕ್ಕು ಉಳಿದರೆ ಉಳಿಯಲಿ, ಆ ಸುಕ್ಕುಗಳಿಗಾಗಿಯೇ ಅಲ್ಲವೇ ಹಳೆ ಕಾರು ಇಟ್ಟುಕೊಂಡದ್ದು!

ಬದಲಿಸಲೇಬೇಕಾದರೆ ಹಳೆ ಕವರೇ ನಿಮ್ಮ ಅಳತೆ. ಅಂಚಿನ ಉಂಗುರ ಕ್ಲಿಪ್ಪುಗಳನ್ನು ಇಕ್ಕಳದಿಂದ ಬಿಡಿಸಿ ಕವರ್ ಕಳಚಿ. ಹೊಲಿಗೆ ಬಿಚ್ಚುವ ಮುನ್ನ ಪ್ರತಿ ತುಂಡಿಗೆ ನಂಬರ್, ಮೇಲ್ಭಾಗಕ್ಕೆ ಬಾಣದ ಗುರುತು, ಹೊಲಿಗೆಯ ಎರಡೂ ಬದಿಗೆ ಬರುವಂತೆ ಅಲ್ಲಲ್ಲಿ ಅಡ್ಡಗೆರೆ ಹಾಕಿ. ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಕೂಡಿದರೆ ತಿರುವುಗಳಲ್ಲಿ ನೆರಿಗೆ ಬೀಳುವುದಿಲ್ಲ. ಚಾಲಕನ ಸೀಟಿನ ಬಟ್ಟೆ ವರ್ಷಗಟ್ಟಲೆ ಕೂತು ಕೂತು ಹಿಗ್ಗಿರುತ್ತದೆ, ಅದನ್ನು ನಂಬಬೇಡಿ. ಪಕ್ಕದ ಸೀಟಿನ ತುಂಡುಗಳನ್ನು ಮಗುಚಿಟ್ಟು ಗೆರೆ ಎಳೆಯಿರಿ. ಹೊಲಿಗೆಗೆ ಬೇಕಾದ ಅಂಚು ಆ ತುಂಡುಗಳಲ್ಲಿ ಆಗಲೇ ಇದೆ. ಇನ್ನಷ್ಟು ಸೇರಿಸಿದರೆ ಕವರ್ ಜೋಲುತ್ತದೆ.

ಚರ್ಮದಲ್ಲೂ ರೆಕ್ಸಿನ್‌ನಲ್ಲೂ ಸೂಜಿಯ ತೂತು ಮುಚ್ಚುವುದಿಲ್ಲ. ಆದ್ದರಿಂದ ಪಿನ್ ಬೇಡ, ಕ್ಲಿಪ್ ಬಳಸಿ. ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಇರಲಿ, ಹತ್ತಿದಾರ ಕೊಳೆಯುತ್ತದೆ. ನಾಲ್ಕು ಪದರ ಒಟ್ಟುಗೂಡುವ ಕಡೆ ಮನೆಯ ಮಿಷನ್ ಮುಷ್ಕರ ಹೂಡುತ್ತದೆ. ಅಲ್ಲಿ ಮೋಟರ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸ್ಪ್ರಿಂಗುಗಳ ಮೇಲೆ ಗೋಣಿತಾಟು ಹಾಸಿ, ಅದರ ಮೇಲೆ ಫೋಮ್. ತಾಟಿಲ್ಲದಿದ್ದರೆ ಸ್ಪ್ರಿಂಗು ಫೋಮನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ. ಕವರನ್ನು ಅರ್ಧ ಗಂಟೆ ಬಿಸಿಲಿಗಿಟ್ಟು ಮೆತ್ತಗಾಗಿಸಿ, ಫೋಮಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಸಲೀಸಾಗಿ ಜಾರಿ ಕೂರುತ್ತದೆ. ಉಂಗುರಗಳನ್ನು ನಡುವಿನಿಂದ ಅಂಚಿನ ಕಡೆಗೆ ಹಾಕುತ್ತ ಹೋಗಿ.

ಜೋಡಣೆ ಮೇಲಿನಿಂದ ಕೆಳಕ್ಕೆ: ಚಾವಣಿ, ಡ್ಯಾಶ್‌ಬೋರ್ಡ್, ಬಾಗಿಲು, ಕಾರ್ಪೆಟ್, ಕೊನೆಗೆ ಸೀಟು. ಎಳೆ ಬಿಟ್ಟ ಸೀಟ್ ಬೆಲ್ಟಿಗೆ ಬಣ್ಣ ಹಚ್ಚುವ ಆಸೆ ಬೇಡ, ಹೊಸದನ್ನೇ ಹಾಕಿ.

ಬಾಗಿಲಿನ ಹ್ಯಾಂಡಲ್ ಹಾಕುವಾಗ ಕ್ಲಿಪ್ಪನ್ನು ಮೊದಲೇ ಹ್ಯಾಂಡಲ್ ಹಿಂಬದಿಯ ಸೀಳಿಗೆ ಸಿಕ್ಕಿಸಿಡಿ. ಎರಡೂ ಬದಿಯ ಗಾಜು ಪೂರ್ತಿ ಮೇಲಿರಲಿ, ಎರಡೂ ಹ್ಯಾಂಡಲ್ ಒಂದೇ ಓರೆಯಲ್ಲಿರಲಿ. ಆಮೇಲೆ ಅಂಗೈಯಿಂದ ಒಂದೇ ಪೆಟ್ಟು ಕೊಡಿ. 'ಟಕ್' ಎಂದರೆ ಕೂತಿತು.