ಅಕ್ಕಿ ಬೇಯುವಷ್ಟರಲ್ಲಿ ತಂಬುಳಿ, ಅಪ್ಪೆಹುಳಿ

ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಐದು ಜನ. ಅತ್ತೆ, ನಮ್ಮ ಮನೆಯವರು, ಎರಡು ಮಕ್ಕಳು, ನಾನು. ಶಿರಸಿ ಕಡೆಯ ಹಳ್ಳಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ ಆಯ್ತು. ಹನ್ನೊಂದೂವರೆಗೆ ಒಲೆ ಹಚ್ಚಿದರೆ ಹನ್ನೆರಡೂವರೆಗೆ ಬಾಳೆ ಹಾಕುತ್ತೇನೆ. ಮೊನ್ನೆ ತಂಗಿಯ ಮಗಳು ಫೋನ್ ಮಾಡಿದ್ದಳು. ಹೊಸದಾಗಿ ಸಂಸಾರ ಹೂಡಿದ್ದಾಳೆ. "ದೊಡ್ಡಮ್ಮ, ಬೆಳಗ್ಗೆಯೆಲ್ಲ ಅಡಿಗೆಮನೆಯಲ್ಲೇ ಕಳೆದುಹೋಗ್ತದೆ" ಅಂದಳು. ಕೇಳಿದರೆ ಗೊತ್ತಾಯಿತು, ಅವಳು ಮೊದಲು ಹುಳಿಗೆ ಕೂರುತ್ತಾಳೆ, ಅನ್ನಕ್ಕೆ ಕೊನೆಗೆ ಇಡುತ್ತಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಕ್ಕಿ. ಉಳಿದದ್ದೆಲ್ಲ ಅದು ಬೇಯುವ ಹೊತ್ತಿನಲ್ಲಿ.

ಕರಾವಳಿಯಲ್ಲಿ ನಮ್ಮದು ಕುಚ್ಚಲಕ್ಕಿ. ಐದು ಜನಕ್ಕೆ ಎರಡು ಲೋಟ ಅಕ್ಕಿ ತೆಗೆದುಕೊಂಡು ಮೂರು ಸಲ ತೊಳೆಯಿರಿ. ದೊಡ್ಡ ಪಾತ್ರೆಯಲ್ಲಿ ಹತ್ತು ಲೋಟ ನೀರು ಕುದಿಸಿ ಅಕ್ಕಿ ಹಾಕಿ. ಮತ್ತೆ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಮುಕ್ಕಾಲು ಗಂಟೆ ಬೇಕು. ಅಕ್ಕಿ ಹಳೆಯದಾದರೆ ಇನ್ನೂ ಐದು ನಿಮಿಷ. ಒಂದು ಅಗುಳು ತೆಗೆದು ಬೆರಳಲ್ಲಿ ಒತ್ತಿ ನೋಡಿ, ನಡುವೆ ಗಟ್ಟಿ ಸಿಗಬಾರದು. ಆಮೇಲೆ ತೆಳಿ, ಅಂದರೆ ಗಂಜಿನೀರು, ಬಸಿಯಿರಿ. ಮೊದಲ ಲೋಟದ ತೆಳಿಯನ್ನು ಚೆಲ್ಲಬೇಡಿ. ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ ಹಾಕಿ ಮಕ್ಕಳಿಗೆ ಕೊಡಿ. ಘಟ್ಟದ ಮೇಲಿನವರು ಬೆಳ್ತಿಗೆ ಅಕ್ಕಿ (ಬಿಳಿ ಅಕ್ಕಿ) ಮಾಡುವುದಾದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಹಾಗಾಗಿ ಕಾಯಿ ತುರಿದಿಟ್ಟುಕೊಂಡೇ ಅನ್ನಕ್ಕೆ ಇಡಿ.

ಅಕ್ಕಿ ಕುದಿಯುವಾಗ ನಾನು ಹಿತ್ತಿಲಿಗೆ ಹೋಗುತ್ತೇನೆ. ತಂಬುಳಿ ಅಂದರೆ ಸೊಪ್ಪು, ಕಾಯಿ ಬೀಸಿ ಮಜ್ಜಿಗೆಗೆ ಕಲಸಿ, ಕುದಿಸದೆ ಅನ್ನಕ್ಕೆ ಬಡಿಸುವುದು. ಇವತ್ತು ಯಾವ ತಂಬುಳಿ ಅನ್ನುವುದನ್ನು ಹಿತ್ತಿಲೇ ಹೇಳುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತೇವದಲ್ಲಿ ಒಂದೆಲಗ ಹಬ್ಬಿದೆ. ಕುಂಡದಲ್ಲಿ ದೊಡ್ಡಪತ್ರೆ ಇದೆ. ಪೇರಲೆ ಮರದಲ್ಲಿ ಕುಡಿ ಇರುತ್ತದೆ. ಹಿತ್ತಿಲಿಲ್ಲದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಕುಮಟಾ ಪೇಟೆಗೆ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಯಲ್ಲಿ ಸೊಪ್ಪು ತರುತ್ತಾರೆ. ಅದೂ ಸಿಗದ ಊರಲ್ಲಿ ಶುಂಠಿ, ಮೆಂತೆ, ಜೀರಿಗೆ ಇದ್ದೇ ಇರುತ್ತವಲ್ವಾ? ಅದರಲ್ಲೇ ತಂಬುಳಿ ಆಗುತ್ತದೆ.

ಒಂದೆಲಗದ ತಂಬುಳಿ ಕಲಿತರೆ ಉಳಿದವು ತಾನಾಗಿ ಬರುತ್ತವೆ. ಒಂದು ಮುಷ್ಟಿ ಎಲೆಯನ್ನು ತೊಟ್ಟಿನ ಸಮೇತ ಎರಡು ಮೂರು ನೀರಲ್ಲಿ ತೊಳೆಯಿರಿ, ನೆಲಕ್ಕೆ ಅಂಟಿ ಬೆಳೆಯುವುದರಿಂದ ಮಣ್ಣು ಜಾಸ್ತಿ. ಬಾಣಲೆಯಲ್ಲಿ ಒಂದು ಚಮಚ ತುಪ್ಪ ಹಾಕಿ. ಒಂದು ಚಮಚ ಜೀರಿಗೆ, ಐದಾರು ಕಾಳುಮೆಣಸು ಹಾಕಿ. ಜೀರಿಗೆ ಘಮ್ಮೆಂದ ಕೂಡಲೇ ಎಲೆ ಹಾಕಿ. ಎಲೆ ಬಾಡಿ ಮೆತ್ತಗಾದರೆ ಸಾಕು, ಕಪ್ಪಾಗಬಾರದು. ಕೆಳಗಿಳಿಸಿ ಪೂರ್ತಿ ಆರಲು ಬಿಡಿ. ಆಮೇಲೆ ಅರ್ಧ ಬಟ್ಟಲು ಕಾಯಿತುರಿ ಸೇರಿಸಿ, ನೀರಿನ ಬದಲು ಸ್ವಲ್ಪ ಮಜ್ಜಿಗೆಯನ್ನೇ ಹಾಕಿ ನುಣ್ಣಗೆ ಬೀಸಿ. ತರಿ ಉಳಿದರೆ ಕಾಯಿ ಒಂದು ಕಡೆ, ಮಜ್ಜಿಗೆ ಒಂದು ಕಡೆ ಆಗುತ್ತದೆ. ಮೂರು ಲೋಟ ಮಜ್ಜಿಗೆಗೆ ಇದನ್ನು ಕಲಸಿ ಉಪ್ಪು ಹಾಕಿ. ತುಪ್ಪದಲ್ಲಿ ಸಾಸಿವೆ, ಒಂದು ಒಣಮೆಣಸು ಒಗ್ಗರಣೆ ಕೊಟ್ಟರೆ ಆಯಿತು.

ಮಜ್ಜಿಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ತಂಬುಳಿ ಕೆಡುವುದು ಅಲ್ಲೇ. ಹುಳಿ ಬಂದ ಮಜ್ಜಿಗೆಯನ್ನು ಮಜ್ಜಿಗೆಹುಳಿಗೆ ಇಟ್ಟುಕೊಳ್ಳಿ. ತಂಬುಳಿಗೆ ಹಿಂದಿನ ರಾತ್ರಿ ಹೆಪ್ಪು ಹಾಕಿದ, ಇನ್ನೂ ಸಿಹಿ ಇರುವ ಮೊಸರನ್ನು ಕಡೆದ ಮಜ್ಜಿಗೆ ಬೇಕು. ಹುಳಿ ಮಜ್ಜಿಗೆಯಲ್ಲಿ ಸೊಪ್ಪಿನ ರುಚಿ ನಾಲಿಗೆಗೆ ಸಿಗುವುದೇ ಇಲ್ಲ. ಇನ್ನೊಂದು ಮಾತು, ತಂಬುಳಿಯನ್ನು ಬಿಸಿ ಮಾಡಬೇಡಿ. ಮದುವೆಯಾದ ಮೊದಲ ಮಳೆಗಾಲದಲ್ಲಿ, ಥಂಡಿಯಲ್ಲಿ ಎಲ್ಲರಿಗೂ ಬಿಸಿ ಬಡಿಸೋಣ ಎಂದು ನಾನು ಒಲೆ ಮೇಲಿಟ್ಟೆ. ಐದು ನಿಮಿಷಕ್ಕೆ ಒಡೆದು ನೀರು ಬೇರೆ, ಗಸಿ ಬೇರೆ ಆಯಿತು. ಅತ್ತೆ ಬೈಯಲಿಲ್ಲ. ಮರುದಿನ ಪಕ್ಕದಲ್ಲಿ ನಿಂತು, ಹುರಿದದ್ದು ಆರಿದೆಯಾ ಎಂದು ಬೆರಳಿಟ್ಟು ನೋಡಿಸಿ, ಮೊದಲಿನಿಂದ ಮಾಡಿಸಿದರು. ಇವತ್ತಿಗೂ ನಾನು ಬೆರಳಿಟ್ಟು ನೋಡದೆ ಬೀಸುವುದಿಲ್ಲ.

ಸೊಪ್ಪು ಬದಲಾದಂತೆ ಕೈಯನ್ನೂ ಸ್ವಲ್ಪ ಬದಲಿಸಬೇಕು. ದೊಡ್ಡಪತ್ರೆಗೆ ವಾಸನೆ ಜೋರು, ಐದು ಜನಕ್ಕೆ ಎಂಟು ಹತ್ತು ಎಲೆ ಸಾಕು. ನೀರೆಲ್ಲ ಆರುವವರೆಗೆ ಬಾಡಿಸಿ. ಪೇರಲೆ ಕುಡಿ ಒಗರು, ಅದಕ್ಕೆ ಕಾಯಿ ಒಂದು ಹಿಡಿ ಹೆಚ್ಚು ಬೇಕು. ಮೆಂತೆಯಾದರೆ ಅರ್ಧ ಚಮಚ ಮಾತ್ರ, ಸಣ್ಣ ಉರಿಯಲ್ಲಿ ಕೆಂಪಗೆ ಹುರಿಯಬೇಕು. ಕಪ್ಪಾದರೆ ಕಹಿ, ಚೆಲ್ಲಿ ಬೇರೆ ಹುರಿಯಿರಿ. ಶುಂಠಿಯನ್ನು ಹುರಿಯುವುದೇ ಬೇಡ. ಒಂದು ಇಂಚು ಶುಂಠಿ, ಒಂದು ಹಸಿಮೆಣಸು, ಕಾಯಿ, ಇಷ್ಟೇ ಹಾಕಿ ಬೀಸಿ. ಬಾಯಿ ಹುಣ್ಣಾದಾಗ ನನ್ನ ಆಯಿ (ಅಮ್ಮ) ಬಸಳೆಯ ತಂಬುಳಿ ಮಾಡುತ್ತಿದ್ದಳು, ಮೆಣಸು ಹಾಕದೆ. ನನ್ನ ಮಕ್ಕಳಿಗೂ ನಾನು ಅದನ್ನೇ ಮಾಡಿಕೊಡುತ್ತೇನೆ.

ಉಪ್ಪಿಗೆ ನಾನು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು ಬಳಸುತ್ತೇನೆ. ಗದ್ದೆಯಲ್ಲಿ ಬಿಸಿಲಿಗೆ ಆದ ಉಪ್ಪು, ಸ್ವಲ್ಪ ಮಣ್ಣಿನ ಬಣ್ಣ ಇರುತ್ತದೆ. ನೀರಲ್ಲಿ ಕರಗಿಸಿ ಒಂದು ಬಾಟಲಿಯಲ್ಲಿ ಇಟ್ಟರೆ ಮಣ್ಣು ತಳದಲ್ಲಿ ಕೂರುತ್ತದೆ, ಮೇಲಿನ ತಿಳಿ ಬಳಸಬಹುದು. ಮಜ್ಜಿಗೆಗೆ ಉಪ್ಪುನೀರು ಬೇಗ ಹಿಡಿಯುತ್ತದೆ.

ಈಗ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳ್ಳನೆಯ ಸಾರು. ಹುರಿದ ಸೊಪ್ಪು ಆರುವ ಹೊತ್ತಲ್ಲೇ ಇದನ್ನು ಮಾಡಿ ಮುಗಿಸಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಹುಳಿ ಇರುವ ಒಂದು ಮಾವಿನಕಾಯಿಯನ್ನು ಇಡಿಯಾಗಿ ಎರಡು ಲೋಟ ನೀರಲ್ಲಿ ಬೇಯಿಸಿ. ಸಿಪ್ಪೆ ಬಿರಿದಾಗ ಇಳಿಸಿ, ಆರಿದ ಮೇಲೆ ಕೈಯಲ್ಲೇ ಹಿಚುಕಿ ಸಿಪ್ಪೆ, ಗೊರಟು ತೆಗೆಯಿರಿ. ಬೇಯಿಸಿದ ನೀರನ್ನೂ ಸೇರಿಸಿ ಐದಾರು ಲೋಟ ಆಗುವಷ್ಟು ತೆಳ್ಳಗೆ ಮಾಡಿ. ನಾಲ್ಕು ಜೀರಿಗೆ ಮೆಣಸನ್ನು (ಪುಟ್ಟ, ಖಾರದ ಮೆಣಸಿನಕಾಯಿ) ಉಪ್ಪಿನ ಜೊತೆ ನುರಿದು ಹಾಕಿ. ಅದು ಇಲ್ಲದಿದ್ದರೆ ಎರಡು ಹಸಿಮೆಣಸು. ಒಂದು ಚಮಚ ಸಕ್ಕರೆ ಹಾಕಿ. ಸಿಹಿ ಮಾಡಲು ಅಲ್ಲ, ಹುಳಿಯ ಚೂಪು ಕಡಿಮೆ ಮಾಡಲು. ಕೊನೆಗೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು, ಇಂಗು. ಇಂಗಿಗೆ ಮಾತ್ರ ಕೈ ಹಿಡಿಯಬೇಡಿ. ಒಗ್ಗರಣೆ ಬಿದ್ದ ಕೂಡಲೇ ತಟ್ಟೆ ಮುಚ್ಚಿ, ಪರಿಮಳ ಒಳಗೇ ಉಳಿಯಲಿ. ಇದನ್ನು ಮತ್ತೆ ಕುದಿಸುವುದು ಬೇಡ. ಅನ್ನಕ್ಕೆ ಕಲಸಿ ಉಣ್ಣುವುದಕ್ಕಿಂತ ಲೋಟದಲ್ಲಿ ಕುಡಿಯುವವರೇ ನಮ್ಮಲ್ಲಿ ಜಾಸ್ತಿ. ಅಪ್ಪೆಹುಳಿ ಕುಡಿದು ಮಧ್ಯಾಹ್ನ ಮಲಗಿದರೆ ಬರುವ ನಿದ್ದೆ ಶಿರಸಿ ಸೀಮೆಯವರಿಗೆಲ್ಲ ಗೊತ್ತು.

ಮಳೆಗಾಲಕ್ಕೆ ಮಾವಿನಕಾಯಿಯನ್ನು ಉಪ್ಪಿನಲ್ಲಿ ಹಾಕಿಡುತ್ತೇವೆ. ಬಲಿತ, ಪೆಟ್ಟಾಗದ ಕಾಯಿಯನ್ನು ನೀರಿನ ಪಸೆ ಇಲ್ಲದಂತೆ ಒರೆಸಿ, ಭರಣಿಯಲ್ಲಿ ಒಂದು ಪದರ ಹರಳುಪ್ಪು, ಒಂದು ಪದರ ಕಾಯಿ ಹಾಗೆ ತುಂಬಿಸಿ. ಕಾಯಿಯೇ ನೀರು ಬಿಡುತ್ತದೆ. ಆ ಕಾಯಿ ಎಂದೂ ಆ ಉಪ್ಪುನೀರಿನಿಂದ ಮೇಲೆ ಬರಬಾರದು, ಬಂದರೆ ಬೂಸಲು. ಮೇಲೆ ಒಂದು ತೊಳೆದ ಕಲ್ಲು ಹೇರಿ. ಜುಲೈಯಲ್ಲಿ ಒಂದು ಕಾಯಿ ತೆಗೆದು ತೊಳೆದು ಹಿಚುಕಿದರೆ ಅಪ್ಪೆಹುಳಿ ಸಿದ್ಧ. ಉಪ್ಪು ಮೊದಲೇ ಇರುವುದರಿಂದ ರುಚಿ ನೋಡಿಯೇ ಹಾಕಿ.

ಪಲ್ಯಕ್ಕೆ ಹೆಚ್ಚು ಹೇಳುವುದಿಲ್ಲ. ತೊಂಡೆಕಾಯಿ, ಅಲಸಂದೆ, ಬಾಳೆಕಾಯಿ, ಯಾವುದಾದರೂ ಒಂದು. ಸಾಸಿವೆ, ಉದ್ದಿನಬೇಳೆ ಒಗ್ಗರಣೆಗೆ ಹೋಳು ಹಾಕಿ, ಮುಚ್ಚಿದ ತಟ್ಟೆಯ ಮೇಲೆ ನೀರು ನಿಲ್ಲಿಸಿ. ಹೋಳುಗಳಿಗೆ ನೀರು ಹೊಯ್ಯದೆ ಆ ಹಬೆಯಲ್ಲೇ ಬೇಯುತ್ತದೆ, ತಳ ಹಿಡಿಯುವುದಿಲ್ಲ. ಇಳಿಸುವಾಗ ಕಾಯಿತುರಿ. ಈರುಳ್ಳಿ ತಿನ್ನುವ ಮನೆಯಾದರೆ ಬೇಸಿಗೆಯಲ್ಲಿ ಕುಮಟಾದ ಸಿಹಿ ಈರುಳ್ಳಿ ಬಿಡಬೇಡಿ. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿ ಮಾರುತ್ತಾರಲ್ಲ, ಅದೇ. ತಂದ ಮೇಲೆ ಚೀಲದಲ್ಲಿ ಕಟ್ಟಿಡದೆ ಹಾಗೇ ಗಾಳಿಗೆ ತೂಗುಹಾಕಿ.

ಇಷ್ಟು ಹೊತ್ತಿಗೆ ಅಕ್ಕಿ ಬೆಂದಿರುತ್ತದೆ. ಬಡಿಸುವಾಗ ನಮ್ಮ ಮನೆಯಲ್ಲಿ ಮೊದಲ ಅನ್ನಕ್ಕೆ ತಂಬುಳಿ. ಖಾರ, ಇಂಗು ನಾಲಿಗೆಗೆ ತಾಗಿದ ಮೇಲೆ ಸೊಪ್ಪಿನ ರುಚಿ ಗೊತ್ತಾಗುವುದಿಲ್ಲ, ಅದಕ್ಕೇ ಹೀಗೆ. ಉಳಿದ ತಂಬುಳಿಯನ್ನು ರಾತ್ರಿಗೆ ಇಡಬೇಡಿ, ಹುಳಿ ಬರುತ್ತದೆ. ಅಳತೆ ನೋಡಿಕೊಂಡು ಮಾಡಿದರೆ ಉಳಿಯುವುದೂ ಇಲ್ಲ. ರಾತ್ರಿ ಉಳಿದ ಕುಚ್ಚಲಕ್ಕಿ ಅನ್ನಕ್ಕೆ ಮುಳುಗುವಷ್ಟು ನೀರು ಹಾಕಿಡಿ. ಬೆಳಗ್ಗೆ ಅದಕ್ಕೆ ಮೊಸರು, ಉಪ್ಪು, ಬದಿಗೆ ಒಂದು ಮಿಡಿ ಉಪ್ಪಿನಕಾಯಿ. ಅತ್ತೆಗೆ ದೋಸೆಗಿಂತ ಅದೇ ಇಷ್ಟ.