ಒಳಗೋಡೆ ಸ್ವಲ್ಪ ಸೊಟ್ಟಗಿರುವ ಮೂಗಿನ ಆರೈಕೆ: ಮಡಿಕೇರಿಯ ಥಂಡಿಯಲ್ಲಿ ನಾನು ಮಾಡುವುದು

ಬೆಳಿಗ್ಗೆ ಎದ್ದ ಕೂಡಲೇ ಒಂದು ತಣ್ಣನೆಯ ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಮೂಗಿನ ಕೆಳಗೆ ಅಡ್ಡ ಹಿಡಿದು, ಬಾಯಿ ಮುಚ್ಚಿ, ನಿಧಾನವಾಗಿ ಉಸಿರು ಬಿಡಿ. ತಟ್ಟೆಯ ಮೇಲೆ ಎರಡು ಕಡೆ ಹಬೆ ಕೂರುತ್ತದೆ. ಗುರುತು ಸಣ್ಣದಾದ ಕಡೆ ಗಾಳಿ ಕಡಿಮೆ ಎಂದರ್ಥ. ನನ್ನ ತಟ್ಟೆಯಲ್ಲಿ ಬಲಗಡೆಯ ಗುರುತು ವೀಳ್ಯದೆಲೆಯಷ್ಟು ಅಗಲ ಇರುತ್ತದೆ. ಎಡಗಡೆಯದು ಹುಣಸೆ ಬೀಜದಷ್ಟು, ಅದೂ ನೋಡುನೋಡುತ್ತಲೇ ಆರಿಹೋಗುತ್ತದೆ.

ಒಂದು ಸಲ ನೋಡಿ ಗಾಬರಿ ಆಗಬೇಡಿ. ಎಲ್ಲರ ಮೂಗಿನಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆ ಊದಿಕೊಂಡು ಇನ್ನೊಂದು ತೆರೆದುಕೊಳ್ಳುತ್ತದೆ. ಹಾಗಾಗಿ ಮಧ್ಯಾಹ್ನ, ರಾತ್ರಿ ಮತ್ತೆ ನೋಡಿ. ವಾರವಿಡೀ ಅದೇ ಕಡೆ ಸಣ್ಣದಾಗಿದ್ದರೆ ಒಮ್ಮೆ ಇ.ಎನ್.ಟಿ. ವೈದ್ಯರಿಗೆ ತೋರಿಸಿ. ಮೂಗಿನೊಳಗೆ ಏನಿದೆ ಎಂದು ಗೊತ್ತಿಲ್ಲದೆ ಎಣ್ಣೆ ಹಾಕಲು ಶುರು ಮಾಡಬೇಡಿ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಆಟಿ ತಿಂಗಳ ಮಳೆಯಲ್ಲಿ ಮನೆ ಹಿಂದಿನ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಮುಖ ಅಡಿಯಾಗಿ ಬಿದ್ದಿದ್ದೆ. ಆಗ ರಕ್ತ ನಿಂತಿತು, ಅಷ್ಟಕ್ಕೇ ಬಿಟ್ಟೆವು. ಮೂವತ್ತು ದಾಟಿದ ಮೇಲೆ ವೈದ್ಯರು ಟಾರ್ಚ್ ಹಿಡಿದು ನೋಡಿ, 'ಸೆಪ್ಟಮ್ ಎಡಕ್ಕೆ ಸ್ವಲ್ಪ ವಾಲಿದೆ, ಆಪರೇಷನ್ ಬೇಕಾಗುವಷ್ಟಿಲ್ಲ' ಅಂದರು. ಸೆಪ್ಟಮ್ ಅಂದರೆ ಎರಡು ಹೊಳ್ಳೆಗಳ ನಡುವಿನ ಗೋಡೆ. ಮುಂದೆ ಮೆದು ಮೂಳೆ, ಹಿಂದೆ ಗಟ್ಟಿ ಮೂಳೆ. ಸ್ವಲ್ಪ ಡೊಂಕು ಬಹಳ ಜನರಲ್ಲಿ ಇರುತ್ತದೆ. ಎಷ್ಟೋ ಜನರಿಗೆ ಅದು ಇರುವುದೇ ತಿಳಿದಿರುವುದಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಯಾವ ತೈಲವೂ, ಯಾವ ಕಷಾಯವೂ ಈ ಗೋಡೆಯನ್ನು ನೆಟ್ಟಗೆ ಮಾಡುವುದಿಲ್ಲ. ಒಂದು ಅಂಗಡಿಯಲ್ಲಿ ಮೂರು ತಿಂಗಳಲ್ಲಿ ಸರಿಯಾಗುತ್ತದೆ ಎಂದು ನಂಬಿಸಿ ನನಗೆ ಲೇಬಲ್ಲೇ ಇಲ್ಲದ ಎಣ್ಣೆ ಮಾರಿದ್ದರು. ಮೂಗು ಉರಿದದ್ದೇ ಬಂತು. ಮೂಳೆ ನೆಟ್ಟಗಾಗಬೇಕು ಅಂದರೆ ಆಪರೇಷನ್ ಒಂದೇ ದಾರಿ. ಆದರೆ ಡೊಂಕು ಕಡಿಮೆ ಇರುವವರಿಗೆ ಉಸಿರು ಕಟ್ಟಿಸುವುದು ಬರೀ ಆ ಮೂಳೆಯಲ್ಲ, ಅದರ ಎದುರಿಗಿರುವ ಒಳಚರ್ಮದ ಊತ. ಮೊದಲೇ ಸಣ್ಣ ದಾರಿ, ಅದಕ್ಕೆ ನೆಗಡಿಯೋ ಅಲರ್ಜಿಯೋ ಸೇರಿದರೆ ಪೂರ್ತಿ ಬಂದ್. ನಮ್ಮ ಆರೈಕೆಯೆಲ್ಲ ಆ ಊತ ಇಳಿಸುವುದಕ್ಕೆ, ಒಳಗೆ ಒಣಗದಂತೆ ನೋಡಿಕೊಳ್ಳುವುದಕ್ಕೆ.

ಕೊಡಗಿನಲ್ಲಿ ಆ ಕೆಲಸ ಹಾಸಿಗೆಯಿಂದಲೇ ಶುರುವಾಗಬೇಕು. ಜೂನ್ ಬಂತೆಂದರೆ ಗೋಡೆ, ಚಪ್ಪಲಿ, ಬೀರುವಿನಲ್ಲಿಟ್ಟ ಸೀರೆ, ಎಲ್ಲಕ್ಕೂ ಬೂಷ್ಟು. ನನ್ನ ಹಳೆಯ ಬೂರುಗದ ಹತ್ತಿಯ ದಿಂಬನ್ನು ಒಂದು ದಿನ ಬಿಚ್ಚಿ ನೋಡಿದೆ. ಒಳಗೆಲ್ಲ ಕಪ್ಪು ಚುಕ್ಕೆ, ಮೂಗಿಗೆ ಹೊಡೆಯುವ ಮುಗ್ಗು ವಾಸನೆ. ವರ್ಷಗಟ್ಟಲೆ ಅದರ ಮೇಲೆ ಮುಖ ಇಟ್ಟು ಮಲಗಿದ್ದೆ! ಅದನ್ನು ಎಸೆದು, ತೊಳೆಯಲು ಬರುವ ದಿಂಬು ತಂದ ಮೇಲೆ ಬೆಳಗಿನ ಸೀನು ಅರ್ಧಕ್ಕರ್ಧ ಇಳಿಯಿತು. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಹಾಕಬೇಡಿ. ಅಗ್ಗಿಷ್ಟಿಕೆಯ ಹೊಗೆ ಇರುವ ಕೋಣೆಯಲ್ಲಿ ಮಲಗಬೇಡಿ. ಒಣಗಿದ ಕಾಫಿ ರಾಶಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿ. ದೂಳು, ಹೊಗೆ, ನಿದ್ದೆಗೆಡುವುದು ನೆಗಡಿಗೆ ಕಾರಣ ಎಂದು ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯಲ್ಲೂ ಇದೆ. ಇಷ್ಟು ಮಾಡದೆ ಸುಮ್ನೆ ತೈಲ ಹಾಕಿದರೆ ಏನು ಪ್ರಯೋಜನ, ಅಲ್ವಾ?

ಎರಡನೆಯದು ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಅರ್ಧ ಲೀಟರ್ ನೀರಿಗೆ ಒಂದು ಮಟ್ಟಸವಾದ ಟೀ ಚಮಚ ಪುಡಿ ಉಪ್ಪು. ಉಪ್ಪು ಕಡಿಮೆಯಾದರೆ ಮೂಗು ಚುರುಗುಟ್ಟುತ್ತದೆ. ನೀರನ್ನು ಚೆನ್ನಾಗಿ ಕುದಿಸಿ, ಉಗುರು ಬೆಚ್ಚಗಾಗುವವರೆಗೆ ಆರಿಸಿಯೇ ಬಳಸಬೇಕು. ನಮ್ಮ ಬೆಟ್ಟದ ಝರಿ ನೀರು ಕುಡಿಯಲು ಎಷ್ಟು ಸಿಹಿಯಾಗಿದ್ದರೂ ಹಸಿಯಾಗಿ ಮೂಗಿಗೆ ಬೇಡ. ಪಕ್ಕದ ಕೇರಳದಲ್ಲಿ ಮೂಗಿನ ಮೂಲಕ ಅಮೀಬಾ ಮೆದುಳಿಗೆ ಹೋಗಿ ಜನ ಸತ್ತಿದ್ದಾರೆ. ಇದರಲ್ಲಿ ಮಾತ್ರ ಸೋಮಾರಿತನ ಮಾಡಬೇಡಿ. ತಲೆ ಒಂದು ಕಡೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ, ಮೇಲಿನ ಹೊಳ್ಳೆಗೆ ನಿಧಾನವಾಗಿ ಬಿಡಿ. ಕೆಳಗಿನದರಿಂದ ಬರದಿದ್ದರೆ ಒತ್ತಾಯ ಮಾಡಬೇಡಿ. ಕಿವಿ ನೋವು ಬಂದರೆ ನಿಲ್ಲಿಸಿ. ಆಮೇಲೆ ಬಗ್ಗಿ, ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಊದಿ. ನಾನು ವಾರಕ್ಕೆ ಮೂರು ದಿನ ಬೆಳಿಗ್ಗೆ ಮಾಡುತ್ತೇನೆ. ಕಾಫಿ ರಾಶಿ ಮಾಡಿದ ದಿನ ಸಂಜೆ ಒಂದು ಸಲ ಜಾಸ್ತಿ.

ಇನ್ನು ನಸ್ಯ, ಅಂದರೆ ಮೂಗಿಗೆ ಔಷಧಿ ಎಣ್ಣೆಯ ಹನಿ ಬಿಡುವುದು. ನನಗೆ ವೈದ್ಯರು ಕೊಟ್ಟದ್ದು ಅಣು ತೈಲ. ಎಳ್ಳೆಣ್ಣೆಯಲ್ಲಿ ಲಾವಂಚ, ಜೇಷ್ಠಮಧು, ದೇವದಾರು ಮುಂತಾದವುಗಳ ಕಷಾಯ ಹಾಕಿ ಮತ್ತೆ ಮತ್ತೆ ಕಾಯಿಸಿ, ಕೊನೆಗೆ ಆಡಿನ ಹಾಲು ಸೇರಿಸಿ ಮಾಡುವ ಎಣ್ಣೆ ಅದು. ದಿನವೂ ಮಾಡುವ ಸಣ್ಣ ನಸ್ಯಕ್ಕೆ ಪ್ರತಿಮರ್ಶ ಎಂದು ಹೆಸರು. ಅಳತೆ ಒಂದೊಂದು ಹೊಳ್ಳೆಗೆ ಎರಡೇ ಹನಿ. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಎಣ್ಣೆಯಲ್ಲಿ ಅದ್ದಿ ಎತ್ತಿದಾಗ ತೊಟ್ಟಿಕ್ಕುವುದು ಒಂದು ಹನಿ, ಇದು ಹಳೆಯ ಲೆಕ್ಕ. ನಾವು ಡ್ರಾಪರ್ ಬಳಸಿದರೆ ಸಾಕು.

ಡಿಸೆಂಬರ್ ಚಳಿಗೆ ಎಣ್ಣೆ ಮಂದವಾಗಿರುತ್ತದೆ. ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಎರಡು ನಿಮಿಷ ನಿಲ್ಲಿಸುತ್ತೇನೆ. ಒಲೆಯ ಮೇಲೆ ಇಡುವುದಿಲ್ಲ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡುತ್ತೇನೆ. ಬಿಸಿ ಅನ್ನಿಸಬಾರದು, ತಣ್ಣಗೂ ಇರಬಾರದು. ಹುಬ್ಬಿನ ನಡುವೆ, ಮೂಗಿನ ಪಕ್ಕ, ಕೆನ್ನೆಯ ಮೇಲೆ ಬೆರಳಿನಿಂದ ಸ್ವಲ್ಪ ಹೊತ್ತು ಉಜ್ಜಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿಕೊಳ್ಳುತ್ತೇನೆ. ಭುಜದ ಕೆಳಗೆ ದಿಂಬು ಇಟ್ಟು ತಲೆ ಹಿಂದಕ್ಕೆ ಬಾಗಿಸಿ ಮಲಗಿ ಎರಡು ಹನಿ, ಇನ್ನೊಂದು ಕಡೆ ಎರಡು ಹನಿ. ಜೋರಾಗಿ ಎಳೆದುಕೊಳ್ಳಬಾರದು. ಒಂದೆರಡು ನಿಮಿಷದಲ್ಲಿ ಗಂಟಲಿಗೆ ಎಣ್ಣೆ ಇಳಿದು ಕಹಿ ತಾಗುತ್ತದೆ. ಎದ್ದು ಅದನ್ನು ಉಗಿದು, ಬಿಸಿನೀರಲ್ಲಿ ಬಾಯಿ ಮುಕ್ಕಳಿಸಬೇಕು. ನುಂಗಬೇಡಿ. ಹನಿ ಜಾಸ್ತಿಯಾದರೆ ಒಳ್ಳೆಯದೇನೂ ಆಗುವುದಿಲ್ಲ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುವುದುಂಟು.

ಊಟ ಆದ ಕೂಡಲೇ, ಸ್ನಾನ ಆದ ಕೂಡಲೇ, ಜ್ವರ ಇದ್ದಾಗ, ನೆಗಡಿ ಸುರಿಯುತ್ತಿರುವಾಗ ನಸ್ಯ ಬೇಡ. ಬಸುರಿಯರು, ಚಿಕ್ಕ ಮಕ್ಕಳು ವೈದ್ಯರನ್ನು ಕೇಳದೆ ಮಾಡಬಾರದು. ಮೋಡವಿಲ್ಲದ ದಿನ ನೋಡಿ ಅಣು ತೈಲ ಹಾಕಬೇಕು ಎಂದು ಚರಕರ ಮಾತು. ಜುಲೈನಲ್ಲಿ ಮಡಿಕೇರಿಯಲ್ಲಿ ಅಂಥ ದಿನ ಎಲ್ಲಿಂದ ತರುವುದು? ನಾನು ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದು ಆಕಾಶ ತಿಳಿಯಾದ ಮೇಲೆ ಶುರು ಮಾಡಿ, ಕಾಫಿ ಹೂವಿನ ಹೊತ್ತಿಗೆ ನಿಲ್ಲಿಸುತ್ತೇನೆ. ಜಡಿಮಳೆಯಲ್ಲಿ ನೇತಿ ಮಾತ್ರ.

ಹಬೆಯೂ ಹಿತ. ದೊಡ್ಡಪತ್ರೆ ಅಥವಾ ತುಳಸಿ ಹಾಕಿ ಐದು ನಿಮಿಷ ಸಾಕು. ಪಾತ್ರೆ ಮಡಿಲಲ್ಲಲ್ಲ, ಮೇಜಿನ ಮೇಲಿರಲಿ. ನಮ್ಮದೇ ಬಳ್ಳಿಯ ಐದಾರು ಕಾಳುಮೆಣಸು, ಜೀರಿಗೆ, ಶುಂಠಿ ಹಾಕಿದ ಕಷಾಯ ನೆಗಡಿಗೆ ಆರಾಮ ಕೊಡುತ್ತದೆ. ಹೊಟ್ಟೆ ಉರಿ ಇರುವವರು ಬಿಡಿ.

ರಾತ್ರಿ ಮಲಗುವಾಗ ಕೆಳಗಿರುವ ಹೊಳ್ಳೆ ಊದುತ್ತದೆ. ನನ್ನ ಎಡ ಹೊಳ್ಳೆ ಹೇಗೂ ಸಣ್ಣ. ಹಾಗಾಗಿ ಎಡಮಗ್ಗುಲಿಗೆ ಮಲಗಿದರೆ ಬಲದ್ದು ಮೇಲಿದ್ದು ತೆರೆದಿರುತ್ತದೆ. ನಿಮಗೆ ಯಾವ ಮಗ್ಗುಲು ಹಿತ ಎಂದು ಎರಡು ಮೂರು ರಾತ್ರಿ ನೋಡಿ. ಮೆಡಿಕಲ್ ಶಾಪಿನ ಮೂಗು ಬಿಡಿಸುವ ಡ್ರಾಪ್ಸನ್ನು ಮೂರು ನಾಲ್ಕು ದಿನಕ್ಕಿಂತ ಮುಂದುವರಿಸಬೇಡಿ. ಆಮೇಲೆ ಆ ಡ್ರಾಪ್ಸಿನಿಂದಲೇ ಮೂಗು ಕಟ್ಟುತ್ತದೆ.

ಮೂಗಿನಿಂದ ಪದೇಪದೇ ರಕ್ತ, ಮುಖದಲ್ಲಿ ನೋವು, ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು, ವಾಸನೆ ತಿಳಿಯದಿರುವುದು, ಗೊರಕೆಯ ನಡುವೆ ಉಸಿರು ನಿಲ್ಲುವುದು, ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಬಿಟ್ಟು ಇ.ಎನ್.ಟಿ. ವೈದ್ಯರ ಹತ್ತಿರ ಹೋಗಿ. ಹೋಗುವಾಗ ಹಾಕುತ್ತಿರುವ ತೈಲದ ಬಾಟಲಿ ಜೊತೆಗಿರಲಿ. ಎಷ್ಟು ಹನಿ, ಎಷ್ಟು ದಿನದಿಂದ ಎಂದು ಮುಚ್ಚಿಡದೆ ಹೇಳಿ.